‘ಸಿಕ್ಸ್ ಆಫ್ ಕ್ರೋಸ್’ ಅನ್ನೋ ಫ್ಯಾಂಟಸಿ ಕಾದಂಬರಿ ಹಿಡಿದೆ, 60 ಪುಟಕ್ಕೇ ತಲೆ ಕೆಟ್ಟಿತು, ಆರು ಜನರ ಕಣ್ಣಿಂದ ಕಥೆಯಂತೆ. ಮುಂದೆ ಓದಲೋ, ಬಿಡಲೋ?

ನಾನೂ ಮೊದಲ ಸಲ ಅಲ್ಲೇ ಎಲ್ಲೋ ಮಡಚಿಟ್ಟವನು. ದಿನಾ ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸಲ್ಲಿ ಓಡಾಡ್ತೀನಿ, ಟೈಂಪಾಸಿಗೆ ಅಂತ ಹಿಡಿದಿದ್ದೆ. ಕೆಟರ್‌ಡ್ಯಾಮ್ ಅಂತೊಂದು ಊರು, ಫ್ಯೆರ್ಡಾ ಅಂತೊಂದು ದೇಶ, ಗ್ರಿಶಾ ಅಂತ ಮಾಂತ್ರಿಕ ಶಕ್ತಿ ಇರೋ ಜನ... ಭರಮಸಾಗರ ಬರೋಷ್ಟರಲ್ಲಿ ಹಿಂದಿನ ಪುಟದ ಹೆಸರು ಮರೆತಿರ್ತಿತ್ತು.

ಗೊಂದಲಕ್ಕೆ ಅರ್ಧ ಕಾರಣ ಮೊದಲ ಅಧ್ಯಾಯ. ಅದು ಯೋಸ್ಟ್ ಅನ್ನೋ ಕಾವಲುಗಾರನದ್ದು. ಇವನೇ ಹೀರೋ ಅಂದ್ಕೊಂಡು ಕೂತರೆ ಮತ್ತೆ ಅವನ ಕಣ್ಣಿಂದ ಕಥೆಯೇ ಬರಲ್ಲ. ಇನ್ನೊಂದು ವಿಷಯ, ಕಳ್ಳತನಕ್ಕೆ ಹೊರಡೋ ತಂಡದಲ್ಲಿ ಆರು ಜನ ಇದ್ದರೂ ಈ ಮೊದಲ ಪುಸ್ತಕದಲ್ಲಿ ಅವರ ಪೈಕಿ ಕಥೆ ನಡೆಸೋರು ಐವರೇ. ಸಿಡಿಮದ್ದಿನ ಹುಡುಗ ವೈಲನ್‌ಗೆ ಅಧ್ಯಾಯವೇ ಇಲ್ಲ. ದೇಶ, ಭೂಪಟ ನೆನಪಿಡೋಕೆ ಹೋಗಬೇಡಿ. ನಾನು ಬಸ್ ಟಿಕೆಟ್ ಹಿಂದೆ ಬರ್ಕೊಂಡಿದ್ದು ಇಷ್ಟೇ: ನಾಯಕ ಕಾಜ್, ಕೈಗವಸು, ಕಾಗೆ ತಲೆಯ ಊರುಗೋಲು. ಇನೆಜ್, ಹಗ್ಗದ ಮೇಲೆ ನಡೆಯೋ ಮನೆತನ. ಜೆಸ್ಪರ್, ಪಿಸ್ತೂಲು ಮತ್ತು ಜೂಜು. ನೀನಾ ಮತ್ತು ಮಥಿಯಾಸ್, ಜಗಳ. ಅಷ್ಟು ಸಾಕು.

ಕೆಲಸ ಏನಪ್ಪಾ ಅಂದ್ರೆ, ಐಸ್ ಕೋರ್ಟ್ ಅನ್ನೋ ಸುತ್ತಿನೊಳಗೊಂದು ಸುತ್ತಿನ ಕೋಟೆಯಿಂದ ಒಬ್ಬ ವಿಜ್ಞಾನಿಯನ್ನ ಎತ್ತಿಕೊಂಡು ಬರಬೇಕು. ಕೂಲಿ 3 ಕೋಟಿ ‘ಕ್ರೂಗೆ’, ಅದು ಅಲ್ಲಿಯ ದುಡ್ಡಿನ ಹೆಸರು. ನಾವು ದುರ್ಗದವರು ಇಂಥ ಕಥೇನ ಕೋಟೆ ಒಳಗಿಂದ ಕೇಳಿ ಬೆಳೆದವರು. ಹೈದರಾಲಿ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರೇ ತಲೆ ತೂರಿಸ್ತಾರೆ, ಓಬವ್ವನ ಒನಕೆ ಬೀಳುತ್ತೆ, ಹಿಂದಿನವನಿಗೆ ಸುಳಿವು ಸಿಗದ ಹಾಗೆ ಹೆಣ ಪಕ್ಕಕ್ಕೆ. ನುಸುಳೋನು ಅಂದ್ರೆ ಹೊಡಿ ಅನ್ನೋದೇ ನಮ್ಮ ಬುದ್ಧಿ. ಈ ಪುಸ್ತಕ ಅದನ್ನ ತಿರುಗಿಸಿಬಿಡ್ತು, ಇಲ್ಲಿ ನಾವು ನುಸುಳೋರ ಪಕ್ಷ. ಇನೆಜ್ ಕಸ ಸುಡೋ ಒಲೆಯ ಚಿಮಣಿ ಹತ್ತೋ ಅಧ್ಯಾಯ ಇದೆ. ಒಲೆ ತಣ್ಣಗಿರುತ್ತೆ ಅನ್ನೋದು ಲೆಕ್ಕ, ಹೋಗಿ ನೋಡಿದ್ರೆ ಕಾದಿದೆ. ಚಪ್ಪಲಿಯ ರಬ್ಬರ್ ಅಟ್ಟೆ ಕರಗಿ ಗೋಡೆಗೆ ಅಂಟ್ತಾ ಇದೆ, ಕೆಳಗೆ ಉಳಿದವರು ಕಾಯ್ತಿದ್ದಾರೆ. ಸೀಟಲ್ಲಿ ಕೂತಲ್ಲೇ ಕಾಲು ಮೇಲೆತ್ತಿಕೊಂಡಿದ್ದೆ. ಪಕ್ಕದ ಅಜ್ಜ ‘ಯಾಕಪ್ಪಾ, ಇರುವೆ ಏನಾದ್ರೂ?’ ಅಂದ್ರು.

ಮಜಾ ಇರೋದು ಅಲ್ಲೇ, ಪ್ಲಾನ್ ಕೆಟ್ಟಾಗ. ಅಲ್ಲಿವರೆಗೆ ಮುಚ್ಚಿಟ್ಟಿದ್ದ ಒಬ್ಬೊಬ್ಬರ ಹಳೇ ಗಾಯ ಆಗ ಕೆಲಸಕ್ಕೆ ಬರುತ್ತೆ. ಕಾಜ್ ಕೈಗವಸು ಯಾಕೆ ಬಿಚ್ಚಲ್ಲ ಅನ್ನೋದನ್ನ ನಾನು ಹೇಳಲ್ಲ.

ತಕರಾರೂ ಇದೆ. ಕಾಜ್ ತಲೆಯೊಳಗೇ ನಮ್ಮನ್ನ ಕೂರಿಸಿ, ಅವನ ಪ್ಲಾನ್ ಮಾತ್ರ ಲೇಖಕಿ ಲೀ ಬಾರ್ಡುಗೊ ನಮಗೇ ಹೇಳಲ್ಲ, ಇದು ಸ್ವಲ್ಪ ಮೋಸದಾಟ. ಅವನ ವಯಸ್ಸು ಬೇರೆ 17 ಅಂತೆ! ನಾನು ಹತ್ತು ಸೇರಿಸಿ ಓದಿದೆ.

ಓದಿ. ಅವರು ಹಡಗು ಹತ್ತೋವರೆಗೆ ತಡೀರಿ, ಆಗಲೂ ಬೇಡ ಅನ್ನಿಸಿದ್ರೆ ಬಿಡಿ. ರುಚಿ ಹತ್ತಿತು ಅಂದ್ರೆ ಇದರ ಮುಂದಿನ ಭಾಗ, 2016ರ ‘ಕ್ರೂಕೆಡ್ ಕಿಂಗ್‌ಡಮ್’ ಮೊದಲೇ ತರಿಸಿಟ್ಟುಕೊಳ್ಳಿ, ಯಾಕಂದ್ರೆ ಇದು ನಿಲ್ಲೋದು ನಡುದಾರಿಯಲ್ಲಿ. ಅದು ಕೈಗೆ ಬರೋವರೆಗೆ ಹನ್ನೊಂದು ದಿನ ನಾನು ಬಸ್ಸಲ್ಲಿ ಕಿಟಕಿ ನೋಡ್ಕೊಂಡು ಕೂತಿದ್ದೆ.