ಕೇಳುವುದಾದರೆ ನಾಲ್ಕನೆಯ ವಾರದಲ್ಲೇ ಕೇಳಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶಿರಸಿ ಕಡೆಯ ಪದವಿ ಕಾಲೇಜೊಂದರಲ್ಲಿ ವೆಚ್ಚ ಲೆಕ್ಕಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ನಿದ್ದೆ ಬರುತ್ತಿಲ್ಲ ಎಂದು ಸಲಹೆ ಕೇಳಲು ನನ್ನ ಬಳಿ ಬಂದವರು ಮಾತಿಗಿಳಿದದ್ದು ತರಗತಿಯ ಬಗ್ಗೆ. ಹಿಂದಿನ ಸೆಮಿಸ್ಟರಿನ ಕೊನೆಯ ಅಭಿಪ್ರಾಯ ಪತ್ರದಲ್ಲಿ ‘ಪಾಠ ಅರ್ಥವಾಗುವುದಿಲ್ಲ’ ಎಂದು ಹಲವು ವಿದ್ಯಾರ್ಥಿಗಳು ಬರೆದಿದ್ದರು. “ಈಗಲೂ ಅರ್ಥವಾಯಿತೇ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ ಸರ್. ಕೊನೆಗೆ ಮತ್ತೆ ಅದನ್ನೇ ಬರೆಯುತ್ತಾರೆ. ನನ್ನ ಕೆಲಸ ಉಳಿಯುತ್ತದೆಯೇ?”

ಕೊನೆಯ ಆ ಪತ್ರ ಕಾಲೇಜಿನ ಕಡತಕ್ಕೆ ಬೇಕು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮುಂದಿಡಲು ಬೇಕು. ಬರೆದ ಮಕ್ಕಳಿಗೆ ಮಾತ್ರ ಅದರಿಂದ ಏನೂ ದಕ್ಕುವುದಿಲ್ಲ. ಇದು ನನಗೆ ನಿಜಕ್ಕೂ ಅನ್ಯಾಯವೆನಿಸುತ್ತದೆ. 16 ವಾರಗಳ ಸೆಮಿಸ್ಟರಿನಲ್ಲಿ ನಾಲ್ಕನೆಯ ವಾರವೇ ಕೇಳಿದರೆ ತಿದ್ದಿಕೊಳ್ಳಲು 12 ವಾರ ಉಳಿದಿರುತ್ತವೆ.

ನಾನು ಹೇಳಿದ್ದು: “ಪಾಠ ಹೇಗಿದೆ ಎಂದು ಕೇಳಬೇಡಿ, ‘ಚೆನ್ನಾಗಿದೆ ಮೇಡಂ’ ಎಂದುಬಿಡುತ್ತಾರೆ. ಯಾವುದು ಕಲಿಯಲು ನೆರವಾಗುತ್ತಿದೆ, ಯಾವುದು ತೊಡಕಾಗಿದೆ, ಏನು ಬದಲಾಗಬೇಕು ಎಂದು ಚೀಟಿಯಲ್ಲಿ ಬರೆಸಿ. ಹೆಸರು ಬೇಡ, ಕನ್ನಡದಲ್ಲೇ ಬರೆಯಲಿ. ಬರೆಯುವಾಗ ನೀವು ಹೊರಗಿರಿ, ಚೀಟಿಗಳನ್ನು ವಿದ್ಯಾರ್ಥಿಯೊಬ್ಬ ಲಕೋಟೆಗೆ ಹಾಕಲಿ. ಅಕ್ಷರ ನೋಡಿ ಯಾರೆಂದು ಹುಡುಕಬೇಡಿ. ರಾತ್ರಿ ಒಬ್ಬರೇ ಕುಳಿತು ಓದಬೇಡಿ.” ಕೊನೆಯ ಮಾತಿಗೆ ಆಧಾರವಿದೆ. 1980ರಲ್ಲಿ ಸಂಶೋಧಕ ಪೀಟರ್ ಕೋಹೆನ್ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಸೆಮಿಸ್ಟರಿನ ನಡುವೆ ಪಡೆದ ಅಭಿಪ್ರಾಯವನ್ನು ಬಲ್ಲವರೊಂದಿಗೆ ಚರ್ಚಿಸಿದ ಅಧ್ಯಾಪಕರಿಗೇ ಹೆಚ್ಚು ಲಾಭವಾಗಿತ್ತು.

ಮರುಭೇಟಿಯಲ್ಲಿ ಚೀಟಿಗಳನ್ನು ಮುಂದಿಟ್ಟರು. ‘ಮೇಡಂಗೆ ಸಿಟ್ಟು ಜಾಸ್ತಿ’ ಎಂಬ ಒಂದೇ ಚೀಟಿ ಅವರ ಕೈಬಿಡುತ್ತಿರಲಿಲ್ಲ. ಒಂದೇ ಬಗೆಯ ಮಾತುಗಳನ್ನು ಒಂದೊಂದು ಗುಂಪು ಮಾಡಿಸಿದೆ. ದೊಡ್ಡ ಗುಂಪು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರದು: ಇಂಗ್ಲಿಷ್ ಪದಗಳು ಕನ್ನಡದ ವಿವರಣೆಯಿಲ್ಲದೆ ಬರುತ್ತವೆ. ಬರೆದುಕೊಳ್ಳುವ ಮೊದಲೇ ಬೋರ್ಡ್ ಒರೆಸುತ್ತಾರೆ ಎಂಬುದು ಇನ್ನೊಂದು. ಮಳೆಗಾಲದ ಸಂಜೆ ಕೊನೆಯ ಅವಧಿಯಲ್ಲಿ ಬನವಾಸಿ, ಸಿದ್ದಾಪುರದ ಬಸ್ ತಪ್ಪುವ ಚಿಂತೆ ಮೂರನೆಯದು. ಓದುತ್ತ ಹೋದಂತೆ ಅವರ ಮುಖದ ಬಿಗಿ ಸಡಿಲವಾಯಿತು. ಹೆಚ್ಚಿನ ಮಕ್ಕಳು ದೂರಿದ್ದು ಅವರನ್ನಲ್ಲ, ಸರಿಪಡಿಸಬಹುದಾದ ಕೆಲವು ಸಂಗತಿಗಳನ್ನು.

ಮುಂದಿನ ತರಗತಿಯಲ್ಲೇ ಉತ್ತರ ಕೊಡಿ ಎಂದು ಒತ್ತಾಯಿಸಿದೆ. ಕೇಳಿ ಸುಮ್ಮನಾದರೆ ಮಕ್ಕಳು ಇನ್ನೊಮ್ಮೆ ಬರೆಯುವುದಿಲ್ಲ. ಪದಗಳನ್ನು ಎರಡೂ ಭಾಷೆಯಲ್ಲಿ ಬರೆಯುತ್ತೇನೆ, ವೇಳಾಪಟ್ಟಿ ನನ್ನ ಕೈಯಲ್ಲಿಲ್ಲ, ಆದರೆ ಕೊನೆಯ 10 ನಿಮಿಷ ಹೊಸ ಲೆಕ್ಕ ತೆಗೆಯುವುದಿಲ್ಲ ಎಂದು ಹೇಳಿಬಂದರು.

ಮೊದಲ ಕಿರುಪರೀಕ್ಷೆಯ ನಂತರ ಮತ್ತೊಮ್ಮೆ ಚೀಟಿ ಬರೆಸಲಿದ್ದಾರೆ. ನಿದ್ದೆ ಸುಧಾರಿಸುತ್ತಿದೆ, ಮತ್ತೆ ಕೆಟ್ಟರೆ ತಡಮಾಡದೆ ವೈದ್ಯರನ್ನು ಕಾಣಲು ತಿಳಿಸಿದ್ದೇನೆ.