ತಪ್ಪು ಸೊಸೆಯದಲ್ಲ

ದಾವಣಗೆರೆಯ ವಿದ್ಯಾನಗರದಿಂದ ಅಜ್ಜಿಯೊಬ್ಬರು ಪತ್ರ ಬರೆದಿದ್ದಾರೆ. ದುಗ್ಗಮ್ಮನ ಜಾತ್ರೆಯಲ್ಲಿ ಎರಡು ವರ್ಷದ ಮೊಮ್ಮಗನಿಗೆ ಲೈಟು ಹತ್ತುವ, ಹಾಡು ಹೇಳುವ ಗೊಂಬೆ ಕೊಡಿಸಿದ್ದರಂತೆ. ಕೆಲವೇ ದಿನಗಳಲ್ಲಿ ಅದರ ಹಿಂದಿನ ಮುಚ್ಚಳ ಕಳಚಿಕೊಂಡಿತು. ಒಳಗಿದ್ದ, ನಾಣ್ಯದಂತೆ ಚಪ್ಪಟೆಯಾದ ಗುಂಡಿ ಬ್ಯಾಟರಿಯನ್ನು ಮಗು ನುಂಗಿತು. ‘ನಾಣ್ಯ ನುಂಗಿರಬೇಕು, ಬಾಳೆಹಣ್ಣು ತಿನ್ಸಿ, ಇಳಿಯುತ್ತೆ’ ಎಂದರಂತೆ ಮನೆಯವರು. ಜೊಲ್ಲು ನಿಲ್ಲದಿದ್ದಾಗ ಸೊಸೆ ಯಾರ ಮಾತೂ ಕೇಳದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಾರೆ. ಎಂಡೋಸ್ಕೋಪಿ ಮಾಡಿ ಬ್ಯಾಟರಿ ತೆಗೆದರು. ಅನ್ನನಾಳ ಸುಟ್ಟಿದೆ, ಮಗು ಈಗ ಗಂಜಿ ಕುಡಿಯುತ್ತಿದೆ. ‘ಮಗು ಮೇಲೆ ಗಮನ ಇಡಲಿಲ್ಲ ಅಂತ ಎಲ್ಲರೂ ಸೊಸೆಯನ್ನೇ ಬೈತಾರೆ. ನೀವೇನು ಹೇಳ್ತೀರಿ? ಆ ಹಾಳು ಗೊಂಬೆಯನ್ನು ಒಲೆಗೆ ಹಾಕಲೇ?’ ಎಂದು ಕೇಳಿದ್ದಾರೆ.

ಅಮ್ಮಾ, ಗೊಂಬೆಯನ್ನು ಒಲೆಗೆ ಹಾಕಬೇಡಿ. ಅದು ಮುಂದೆ ಬೇಕಾಗುತ್ತದೆ. ತಪ್ಪು ನಿಮ್ಮ ಸೊಸೆಯದಲ್ಲ. ಪ್ರೀತಿಯಿಂದ ಕೊಡಿಸಿದ ನಿಮ್ಮದೂ ಅಲ್ಲ. ಎರಡು ವರ್ಷದ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಅದು ಆ ವಯಸ್ಸಿನ ಗುಣ. ಗೊಂಬೆ ಮಾಡುವವರಿಗೆ ಇದು ಗೊತ್ತಿರಲೇಬೇಕು. ಮಗುವಿನ ಉಗುರಿಗೆ ಬಿಚ್ಚಿಕೊಳ್ಳುವ ಮುಚ್ಚಳ ಹಾಕಿ ಮಾರಿದ್ದು ತಪ್ಪು. ಬೇಕಾದರೆ ಆ ಮುಚ್ಚಳವನ್ನು ಒಮ್ಮೆ ನೋಡಿ. ಅಲ್ಲಿ ಸ್ಕ್ರೂ ಇರಲಿಕ್ಕಿಲ್ಲ, ಬರೀ ತೆಳ್ಳನೆಯ ಪ್ಲಾಸ್ಟಿಕ್ ಕೊಂಡಿ ಇರುತ್ತದೆ. ಒಂದು ಸಲ ಕೆಳಗೆ ಬಿದ್ದರೆ ಸಾಕು, ಮುರಿಯುತ್ತದೆ. ತಾಯಿ ಅಡುಗೆಮನೆಗೆ ಹೋಗಿ ಹಾಲು ಇಳಿಸಿ ಬರುವಷ್ಟರಲ್ಲಿ ಬ್ಯಾಟರಿ ಬಾಯಿಗೆ ಹೋಗಿರುತ್ತದೆ. ಇಪ್ಪತ್ನಾಲ್ಕು ಗಂಟೆ ಕಣ್ಣು ಮಿಟುಕಿಸದೆ ಕೂರಲು ಯಾರಿಂದ ಆಗುತ್ತೆ ಹೇಳಿ? ನಿಜ ಹೇಳಬೇಕೆಂದರೆ ನಿಮ್ಮ ಮೊಮ್ಮಗನನ್ನು ಉಳಿಸಿದ್ದು ಸೊಸೆಯ ಆ ಹಟವೇ.

ಯಾಕೆಂದರೆ ಬ್ಯಾಟರಿ ನಾಣ್ಯದ ಹಾಗಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ಒದ್ದೆ ಮಾಂಸದ ಮೂಲಕ ಕರೆಂಟು ಹರಿಯತೊಡಗುತ್ತದೆ. ಅದರಿಂದ ಕ್ಷಾರ ಹುಟ್ಟಿ ಸುತ್ತಲಿನ ಭಾಗ ಸುಡುತ್ತದೆ. ಬ್ಯಾಟರಿ ಒಡೆಯಬೇಕು, ಸೋರಬೇಕು ಅಂತೇನಿಲ್ಲ. 2 ಗಂಟೆಯೊಳಗೇ ಆಳವಾದ ಗಾಯ ಆಗಬಹುದು. 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಬ್ಯಾಟರಿ ಎಲ್ಲಕ್ಕಿಂತ ಅಪಾಯ, ಅದು ಚಿಕ್ಕ ಮಕ್ಕಳ ಗಂಟಲಲ್ಲೇ ಕೂತುಬಿಡುತ್ತದೆ. ಗೊಂಬೆ ಓಡಿಸಲಾಗದಷ್ಟು ಸೋತ ಬ್ಯಾಟರಿಯಲ್ಲೂ ಸುಡುವ ಶಕ್ತಿ ಉಳಿದಿರುತ್ತದೆ. ಹಾಗಾಗಿ ರಿಮೋಟಿನಿಂದ, ಹಾಡುವ ಕಾರ್ಡಿನಿಂದ ತೆಗೆದ ಹಳೇ ಬ್ಯಾಟರಿಯನ್ನು ಸುಮ್ನೆ ಕಿಟಕಿ ಮೇಲೆ ಇಡಬೇಡಿ. ಟೇಪು ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಈ ಪತ್ರ ಓದುವ ಬೇರೆ ಮನೆಯವರಿಗೂ ಒಂದು ಮಾತು. ಮಗು ಬ್ಯಾಟರಿ ನುಂಗಿರಬಹುದೆಂಬ ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಹೊರಡಿ. ಬಾಳೆಹಣ್ಣು ಬೇಡ, ಅನ್ನದ ಉಂಡೆ ಬೇಡ, ಬೆರಳು ಹಾಕಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ನುಂಗಿ 12 ಗಂಟೆ ದಾಟಿಲ್ಲದಿದ್ದರೆ, ಮಗುವಿಗೆ ಒಂದು ವರ್ಷ ತುಂಬಿದ್ದರೆ, ಅದು ಸಲೀಸಾಗಿ ನುಂಗುತ್ತಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲದವರೆಗೆ. ಜೇನು ಹುಡುಕುತ್ತಾ ತಡ ಮಾಡಬಾರದು. ‘ಬ್ಯಾಟರಿ ಇರಬಹುದು’ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎಕ್ಸ್‌ರೇಯಲ್ಲಿ ಬ್ಯಾಟರಿಯ ಅಂಚು ಜೋಡಿ ಬಳೆಯಂತೆ ಕಾಣುತ್ತದೆ, ನಾಣ್ಯ ಹಾಗೆ ಕಾಣುವುದಿಲ್ಲ. ಪುಟ್ಟ ಆಯಸ್ಕಾಂತಗಳದ್ದೂ ಇದೇ ಅವಸರ. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ನಡುವೆ ಒಂದಕ್ಕೊಂದು ಅಂಟಿಕೊಂಡು ತೂತು ಮಾಡಬಹುದು.

ಇನ್ನು ಕಾನೂನಿನ ಮಾತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡುವ ಆಟಿಕೆಗಳಿಗೆ ವಿನಾಯ್ತಿ ಇದೆ. ಮುದ್ರೆಯ ಮೇಲೆ ಐಎಸ್ (ಭಾರತೀಯ ಮಾನದಂಡದ) ನಂಬರು, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರು ಇರಬೇಕು. ಈ ಮುದ್ರೆ ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ನಂಬರು ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಮಗು ರಚ್ಚೆ ಹಿಡಿದಾಗ ಇದೆಲ್ಲ ಯಾರು ನೋಡುತ್ತಾರೆ ಅಲ್ವಾ? ಅದಕ್ಕೇ ಮಾಲು ಅಂಗಡಿಗೆ ಬರುವ ಮೊದಲೇ ತಪಾಸಣೆ ಆಗಬೇಕು ಅಂತ ನಾನು ಒತ್ತಿ ಹೇಳುವುದು. ಬೀದಿಯಲ್ಲಿ ಬುಟ್ಟಿ ಇಟ್ಟು ಮಾರುವ ಬಡವನನ್ನು ಹಿಡಿದು ಕೈತೊಳೆದುಕೊಂಡರೆ ಆಗದು, ಅವನಿಗೆ ಮಾಲು ಇಳಿಸಿದ ಸಗಟು ವ್ಯಾಪಾರಿಯನ್ನು ಕೇಳಬೇಕು.

ಗೊಂಬೆ, ಮುರಿದ ಮುಚ್ಚಳ, ಡಬ್ಬಿ ಇದ್ದರೆ ಡಬ್ಬಿ, ಎಕ್ಸ್‌ರೇ, ಆಸ್ಪತ್ರೆಯ ಬಿಲ್ಲು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಡಿ, ಫೋಟೋ ತೆಗೆಸಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷದ ವಸ್ತುವಿನಿಂದ ಗಾಯವಾದರೆ ಪರಿಹಾರ ಕೇಳುವ ಹಕ್ಕಿದೆ. ತಯಾರಿಸಿದವರು ಯಾರೆಂದೇ ಗೊತ್ತಾಗದಿದ್ದರೆ ಮಾರಿದವರು ಹೊಣೆಯಾಗುತ್ತಾರೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು.

ಆದರೆ ದೂರಿಗಿಂತ ಮೊದಲು ಮೊಮ್ಮಗ. ಗಾಯ ಮಾಯುವಾಗ ಅನ್ನನಾಳ ಕಿರಿದಾಗಬಹುದು. ಚೆನ್ನಾಗಿ ಉಣ್ಣುತ್ತಿದ್ದಾನೆ ಅಂತ ಬಿಡದೆ, ಡಾಕ್ಟರು ಹೇಳಿದ ದಿನಕ್ಕೆ ಕರೆದುಕೊಂಡು ಹೋಗಿ. ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ, ನುಂಗಲು ಕಷ್ಟಪಟ್ಟರೆ ಆ ದಿನದವರೆಗೆ ಕಾಯಬೇಡಿ, ರಾತ್ರಿಯಾದರೂ ಸರಿ, ಹೊರಟುಬಿಡಿ.

– ಸಂಪಾದಕ