ತೋಟದ ಕೆಲಸದವರಿಗೆ ಯಾಕೆ ಬೇರೆ ಲೋಟ ಅಂತ ಆರು ವರ್ಷದ ಮಗಳು ಕೇಳಿದರೆ ಏನು ಹೇಳಲಿ?

ಇಷ್ಟು ಚಿಕ್ಕ ಮಗುವಿಗೆ ಸಮಾನತೆ, ಹಕ್ಕು ಎಲ್ಲ ಅರ್ಥ ಆಗುತ್ತಾ, ಬೇರೆ ಲೋಟ ತೆಗೆದರೆ ಅತ್ತೆಗೆ ಬೇಜಾರಾಗಲ್ವಾ ಅಂತಲೂ ಕೇಳಿದ್ದೀರಿ. ಮಗಳಿಗೆ ಅರ್ಥ ಆಗಿರೋದಕ್ಕೇ ಈ ಪ್ರಶ್ನೆ ಬಂದಿದೆ. ನಾನು ಸಾಗರದ ಕಡೆ ಒಂದನೇ, ಎರಡನೇ ತರಗತಿಗೆ ಪಾಠ ಮಾಡುವವಳು. ಈ ವಯಸ್ಸಿನ ಮಕ್ಕಳ ಕಣ್ಣು ತಪ್ಪಿಸೋದು ಕಷ್ಟ.

ಮೊದಲು ಆ ಲೋಟ ತೆಗೆದುಬಿಡಿ. ಅಡಿಕೆ ಸುಲಿಯಲು ಬಂದವರಿಗೂ ಮನೆಯವರ ಲೋಟದಲ್ಲೇ ಚಹಾ ಕೊಡಿ. ಜಗಲಿಯಲ್ಲಿ ಜೊತೆಗೆ ಕೂತು ನೀವೂ ಕುಡಿಯಿರಿ. ಮಗಳು ಅವರನ್ನು ಹೆಸರು ಹಿಡಿದು ಕರೆಯೋದು ಬೇಡ, ಅಕ್ಕ, ಅಜ್ಜ ಅನ್ನಲಿ. ಇಷ್ಟು ಮಾಡದೆ ಕಥೆ ಹೇಳಿ ಪ್ರಯೋಜನವಿಲ್ಲ.

ಇನ್ನೊಂದು. "ಪಾಪ, ಬಡವರು" ಅಂತ ಕಲಿಸಬೇಡಿ. ಕರುಣೆ ಒಳ್ಳೆಯದೇ, ಆದರೆ ಬರೀ ಕರುಣೆ ಕಲಿತ ಮಗು ತನ್ನನ್ನು ಕೊಡುವ ಜಾಗದಲ್ಲೇ ಇಟ್ಟುಕೊಳ್ಳುತ್ತೆ.

ಅದಕ್ಕೇ ನಾನು ಕಾಗೋಡಿನ ಕಥೆ ಹೇಳುತ್ತೇನೆ. ಎರಡು ಡಬ್ಬ ತರುತ್ತೇನೆ, ಒಂದು ದೊಡ್ಡದು, ಒಂದು ಚಿಕ್ಕದು. ಮಕ್ಕಳಲ್ಲಿ ಒಬ್ಬಳು ಗೇಣಿದಾರಳು, ಅಂದರೆ ಬೇರೆಯವರ ಗದ್ದೆಯಲ್ಲಿ ಬೆಳೆದು ಭತ್ತ ಕೊಡುವವಳು, ಒಬ್ಬ ಆ ಗದ್ದೆಯ ಒಡೆಯ. ಹತ್ತು ಡಬ್ಬ ಭತ್ತ ಕೊಡಬೇಕು ಅಂತ ಚಿಕ್ಕ ಡಬ್ಬ ತೋರಿಸಿ ಮಾತಾಗುತ್ತೆ. ಒಡೆಯ ಮಾತ್ರ ದೊಡ್ಡದರಲ್ಲಿ ಅಳೆದುಕೊಳ್ಳುತ್ತಾನೆ. ಮೂರನೇ ಡಬ್ಬ ತುಂಬುವಷ್ಟರಲ್ಲೇ "ಟೀಚರ್, ಮೋಸ!" ಅಂತ ಇಡೀ ತರಗತಿ ಎದ್ದು ನಿಲ್ಲುತ್ತೆ. ಆಗ ಹೇಳುತ್ತೇನೆ: 1951ರಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಇದನ್ನೇ ಕೇಳಿದ್ದು, ಕೊಳಗದ, ಅಂದರೆ ಭತ್ತ ಅಳೆಯುವ ಪಾತ್ರೆಯ, ಅಳತೆ ಸರಿಯಾಗಿರಲಿ ಅಂತ. ರೈತ ನಾಯಕ ಗಣಪತಿಯಪ್ಪನವರು ಮುಂದೆ ನಿಂತರು. ಎಷ್ಟೋ ಜನ ಜೈಲಿಗೆ ಹೋದರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು. ಆ ಜನ ದಾನ ಕೇಳಿರಲಿಲ್ಲ. ತಾವೇ ಬೆಳೆದ ಭತ್ತದ ನ್ಯಾಯವಾದ ಲೆಕ್ಕ ಕೇಳಿದ್ದರು.

ಕಾನೂನನ್ನೂ ಹೇಳಬಹುದು, ಹೆದರಬೇಡಿ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಇವೆಲ್ಲ ಬರುತ್ತವೆ. ಜಾತಿ ನೋಡಿ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ಎಲ್ಲವೂ ಮಗು ದಿನಾ ನೋಡುವ ಜಾಗಗಳೇ ಅಲ್ವಾ? 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿದೆ. ಸಂತೆಗೆ ಹೋಗುವಾಗ ಒಂದೊಂದೇ ತೋರಿಸುತ್ತಾ ಹೇಳಿ.

ಅತ್ತೆಯವರ ಜೊತೆ ಮಗಳ ಎದುರು ಜಗಳ ಬೇಡ. ಆದರೆ "ಅಜ್ಜಿ ಮಾಡಿದ್ದು ಸರೀನಾ?" ಅಂತ ಮಗಳು ಕೇಳಿದರೆ ಮಾತು ಮರೆಸಬೇಡಿ. "ಸರಿಯಲ್ಲ ಪುಟ್ಟಾ. ಅಜ್ಜಿಗೆ ಚಿಕ್ಕವರಿದ್ದಾಗ ಹಾಗೆ ಕಲಿಸಿದ್ದರು. ನಮ್ಮನೇಲಿ ಇನ್ಮೇಲೆ ಹಾಗಿಲ್ಲ" ಅನ್ನಿ.